ಅಳಿಸಿಬಿಟ್ಟೆ ಅಂದರೆ ಸಾಲದು

ಮದುವೆ ಸುಗ್ಗಿ ಶುರುವಾದರೆ ಶಿರಸಿ ಕಡೆಯ ವಾಟ್ಸಾಪ್‌ಗಳಲ್ಲಿ ಮದುವೆ ಕಾಗದಗಳದ್ದೇ ಸಾಲು. ಈ ಸಲ ಅವುಗಳ ಮಧ್ಯೆ ಬಂದ ಒಂದರ ಹೆಸರು ‘.ಎಪಿಕೆ’ ಎಂದು ಮುಗಿದಿತ್ತು, ಅದು ಕಾಗದವಲ್ಲ, ಮೋಸದ ಆ್ಯಪ್. ಮನೆಯವರ ಗುಂಪಿನಲ್ಲಿ ಏಳು ಜನಕ್ಕೆ ಅದು ಬಂದಿತ್ತು, ಏಳೂ ಜನರದ್ದು ಒಂದೇ ಮಾತು: “ಅಳಿಸಿಬಿಟ್ಟೆ, ಅಡ್ಡಿಲ್ಲೆ.” ದೂರು ಕೊಟ್ಟವರು ಒಬ್ಬರೂ ಇಲ್ಲ. ಬ್ರಿಟನ್ನಿನಲ್ಲಿ ಕೂತು ಓದುವಾಗ ಚುಚ್ಚಿದ್ದು ಇದೇ.

ಇಲ್ಲಿ ಅನುಮಾನದ ಎಸ್ಸೆಮ್ಮೆಸ್ ಬಂದರೆ ಜನ ಅದನ್ನು 7726ಕ್ಕೆ ದಾಟಿಸುತ್ತಾರೆ. ಕೀಪ್ಯಾಡಿನ ಅಕ್ಷರಗಳಲ್ಲಿ ಆ ಅಂಕಿಗಳು ‘ಸ್ಪ್ಯಾಮ್’ ಆಗುತ್ತವೆ, ಹಾಗಾಗಿ ಮರೆಯುವುದಿಲ್ಲ, ಖರ್ಚೂ ಇಲ್ಲ. ಇಮೇಲ್ ಆದರೆ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2020ರ ಏಪ್ರಿಲ್‌ನಲ್ಲಿ ತೆರೆದ ವಿಳಾಸಕ್ಕೆ. ಬ್ಯಾಂಕಿನವರೆಂದು ಕರೆ ಬಂದರೆ ಕಟ್ ಮಾಡಿ 159ಕ್ಕೆ ಮಾಡಿದರೆ ತಮ್ಮ ಬ್ಯಾಂಕೇ ಸಿಗುತ್ತದೆ. ಇದರಲ್ಲಿ ಜಾಣತನವೇನೂ ಇಲ್ಲ, ಬರೀ ರೂಢಿ.

ನಮ್ಮಲ್ಲಿ ಸೌಕರ್ಯವಿಲ್ಲದೆ ಹೀಗಾಗಿದ್ದಲ್ಲ. ಹಣ ಹೋಗಿಲ್ಲ, ಅನುಮಾನ ಮಾತ್ರ ಎಂದಾದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ದೂರು ಕೊಡಲು ‘ಚಕ್ಷು’ ಇದೆ, 2024ರ ಮಾರ್ಚ್‌ನಿಂದ. ಜಾಹೀರಾತಿನ ಕಾಟಕ್ಕೆ 1909. ವಾಟ್ಸಾಪ್‌ನಲ್ಲಿ ಅಪರಿಚಿತ ನಂಬರನ್ನು ರಿಪೋರ್ಟ್ ಮಾಡಿದರೆ ಕೊನೆಯ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ. ಅದಕ್ಕೂ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದಿಡಬೇಕು, ಚಾಟ್ ಅಳಿದುಹೋದರೆ ಪುರಾವೆ ಇರುವುದಿಲ್ಲ. ಜಿಮೇಲ್‌ನಲ್ಲೂ ಕಸದ ಬುಟ್ಟಿಯ ಗುರುತು ಒತ್ತಿದರೆ ಫಿಲ್ಟರ್ ಏನನ್ನೂ ಕಲಿಯುವುದಿಲ್ಲ, ‘ರಿಪೋರ್ಟ್ ಸ್ಪ್ಯಾಮ್’ ಒತ್ತಿದರೆ ಕಲಿಯುತ್ತದೆ. ‘ಅನ್‌ಸಬ್‌ಸ್ಕ್ರೈಬ್’ ನಾವೇ ಸಾಮಾನು ಕೊಂಡ ಅಂಗಡಿಗೆ ಸರಿ. ಗುರುತಿಲ್ಲದವರ ಮೇಲ್‌ನಲ್ಲಿ ಅದನ್ನು ಒತ್ತಿದರೆ ‘ಈ ವಿಳಾಸದಲ್ಲಿ ಜನ ಇದ್ದಾರೆ’ ಎಂದು ನಾವೇ ಹೇಳಿಕೊಟ್ಟಂತೆ.

ಆ ಮದುವೆ ಕಾಗದ ಮಾಡುವ ಕೆಲಸ ನೋಡಿ. ನಿಜವಾದ ಕಾಗದ ಫೋಟೋ ಆಗಿರುತ್ತದೆ, ಇಲ್ಲವೇ ಪಿಡಿಎಫ್. ಎಪಿಕೆ ಅಂದರೆ ಆ್ಯಪ್. ಮುಟ್ಟಿದ ಕೂಡಲೇ ‘ಗೊತ್ತಿಲ್ಲದ ಮೂಲದಿಂದ ಹಾಕಲೇ?’ ಎಂದು ಫೋನು ಕೇಳುತ್ತದೆ. ಅದಕ್ಕೆ ಹೂಂ ಎಂದು, ಎಸ್ಸೆಮ್ಮೆಸ್ ಓದಲೂ ಒಪ್ಪಿಗೆ ಕೊಟ್ಟರೆ ಅಲ್ಲಿಂದ ಮುಂದೆ ಬರುವ ಒಟಿಪಿ ಎಲ್ಲ ಕಳ್ಳನ ಕೈಗೆ. ಆ್ಯಪಿನ ಗುರುತು ಪರದೆಯಿಂದ ಮಾಯವಾಗಬಹುದು. ಆಮೇಲೆ ಅದೇ ಕಾಗದ ಆ ಫೋನಿನಲ್ಲಿರುವ ನೆಂಟರಿಗೆಲ್ಲ ಹೋಗುತ್ತದೆ; ಪರಿಚಯದವರ ನಂಬರಿನಿಂದ ಬರುವುದು ಇದಕ್ಕೇ. ಹಾಗೆ ಬಂದಾಗ ಸುಮ್ಮನೆ ಅಳಿಸಿದರೆ ಆ ನೆಂಟನಿಗೆ ತನ್ನ ಫೋನು ಕೆಟ್ಟಿದ್ದೇ ತಿಳಿಯುವುದಿಲ್ಲ. ಒಂದು ಕರೆ ಮಾಡಿ ಹೇಳಬೇಕು.

ಒತ್ತಿಬಿಟ್ಟಿದ್ದರೆ ಮೊದಲು ಏರೋಪ್ಲೇನ್ ಮೋಡ್, ಜೊತೆಗೆ ವೈಫೈಯೂ ಬಂದ್. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಆಮೇಲೆ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಿಂದ ತೆಗೆಯಿರಿ. ತೆಗೆಯುವ ಗುಂಡಿ ಮಸುಕಾಗಿದ್ದರೆ ಆ ಆ್ಯಪಿಗೆ ಡಿವೈಸ್ ಅಡ್ಮಿನ್, ಅಂದರೆ ಫೋನಿನ ಮೇಲ್ವಿಚಾರಕನ ಅಧಿಕಾರ ಸಿಕ್ಕಿದೆ ಎಂದರ್ಥ, ಆ ಅಧಿಕಾರವನ್ನು ಮೊದಲು ಕಿತ್ತುಕೊಳ್ಳಬೇಕು. ಇಷ್ಟಾದ ಮೇಲೂ ಫೋಟೋ ಉಳಿಸಿಕೊಂಡು ಫ್ಯಾಕ್ಟರಿ ರಿಸೆಟ್ ಮಾಡುವುದೇ ಕ್ಷೇಮ.

ಬ್ಯಾಂಕಿನ ಲಿಂಕ್ ಗುರುತಿಸುವುದು ಈಗ ಸ್ವಲ್ಪ ಸುಲಭ. 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಲು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿತ್ತು. ಆದರೆ ನೋಡಬೇಕಾದ್ದು ಮೊದಲ ಒಂಟಿ ಓರೆಗೆರೆಯ (/) ಎಡಕ್ಕೆ ತಾಗಿಕೊಂಡು ಏನಿದೆ ಎಂದು. ಅಲ್ಲಿ ‘ಬ್ಯಾಂಕ್ ಡಾಟ್ ಇನ್’ ಆದ ಮೇಲೆ ಚುಕ್ಕಿ ಇಟ್ಟು ಮತ್ತೇನೋ ಸೇರಿಸಿದ್ದರೆ ಅದು ಬೇರೆಯವರ ಮನೆ. ಕವರಿನ ಮೇಲೆ ಕೊನೆಗೆ ಬರೆದ ಊರಿಗೇ ತಾನೆ ಅಂಚೆ ಹೋಗುವುದು?

ಬಂದವರಿಗೆ ಕುಡಿಯಲು ಆಸರಿಗೆ ಕೇಳದೆ ಕಳಿಸದ ಜನ ನಾವು. ಫೋನಿನಲ್ಲಿ ‘ಸಿಬಿಐ’ ಎಂದವನ ಮಾತನ್ನೂ ಪೂರ್ತಿ ಕೇಳುತ್ತೇವೆ, ನಡುವೆ ಕಟ್ ಮಾಡಲು ಸಂಕೋಚ. ಅವನು ಹೆದರಿಸುವ ‘ಡಿಜಿಟಲ್ ಅರೆಸ್ಟ್’, ಅಂದರೆ ಫೋನಿನಲ್ಲೇ ಬಂಧನ, ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಆದರೂ ಗಂಟೆಗಟ್ಟಲೆ ವೀಡಿಯೊ ಕರೆಯ ಮುಂದೆ ಕೂರುತ್ತಾರೆ, ಹಣ ಹೋದ ಮೇಲೆ ಮರ್ಯಾದೆಗೆ ಅಂಜಿ ಬಾಯಿ ಮುಚ್ಚುತ್ತಾರೆ. ಆ ಮೌನ ಕಳ್ಳನಿಗೆ ಸಮಯ ಕೊಡುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು ಹೀಗೆ: ಗ್ರಾಹಕನೇ ಒಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು. ಸೈಬರ್ ಅಪರಾಧ ನೋಡಿಕೊಳ್ಳುವ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೆ ನಾಳೆ ದೇವಿಮನೆ ಘಟ್ಟ ಇಳಿದು ಹೋದರಾಯಿತು ಎಂದು ರಾತ್ರಿ ಕಳೆಯುವ ಹೊತ್ತಿಗೆ ಹಣ ನಾಲ್ಕು ಖಾತೆ ದಾಟಿರುತ್ತದೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕಳಿಸಿದ ಮೊತ್ತ, ಸಮಯ, ಯುಪಿಐ ಆದರೆ ವ್ಯವಹಾರದ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ಘಟ್ಟ ಆಮೇಲೆ ಇಳಿಯಬಹುದು.

ಎಲ್ಲ ತಪ್ಪನ್ನೂ ಊರಿನ ತಲೆಗೆ ಕಟ್ಟಲಾಗದು, ಒಪ್ಪಬೇಕು. ಬೆಟ್ಟ ಹತ್ತಿದರಷ್ಟೇ ಸಿಗ್ನಲ್ ಸಿಗುವ ಮನೆಗೆ ಹಣ ಕಡಿತದ ಎಸ್ಸೆಮ್ಮೆಸ್ ಬರುವುದೇ ಸಂಜೆಗೆ. ಬ್ರಿಟನ್ನಿನ ರೂಢಿಯ ಹಿಂದೆ ಹಣದ ಒತ್ತಾಸೆಯೂ ಇದೆ: 2024ರ ಅಕ್ಟೋಬರ್ 7ರಿಂದ, ಮೋಸ ಹೋಗಿ ದೇಶದೊಳಗೇ ಹಣ ಕಳಿಸಿದವರಿಗೆ 85,000 ಪೌಂಡಿನವರೆಗೆ ಬ್ಯಾಂಕುಗಳೇ ತುಂಬಿಕೊಡಬೇಕು, ಕಳಿಸಿದ ಬ್ಯಾಂಕು ಅರ್ಧ, ಪಡೆದದ್ದು ಅರ್ಧ. ನಮ್ಮವರಿಗೆ ಅಂಥ ಆಸರೆ ಇರಲಿಲ್ಲ.

ಇನ್ನೊಂದು ಮಾತು, ಹೇಳಲು ಮನಸ್ಸಿಲ್ಲದಿದ್ದರೂ. ಇಲ್ಲಿ ಬ್ರಿಟನ್ನಿನಲ್ಲಿ ಒಂಟಿ ಮುದುಕರು ಬಹಳ. ಕೆಲವರಿಗೆ ದಿನವಿಡೀ ಬರುವ ಒಂದೇ ಕರೆ ಆ ಮೋಸಗಾರನದ್ದು, 159 ಗೊತ್ತಿದ್ದೂ ಅವನ ಜೊತೆಗೇ ಮಾತಾಡುತ್ತಾರೆ. ಶಿರಸಿಯ ಜಗಲಿಯಲ್ಲಿ ಕನ್ನಡಕ ಹಣೆಗೇರಿಸಿ, ಫೋನನ್ನು ಮುಂದೆ ಚಾಚಿ, “ತಮಾ, ಇದ್ನ ಒತ್ತಲಾ?” ಎಂದು ಕೇಳಲು ಯಾರಾದರೂ ಇರುತ್ತಾರೆ. ಆ ಏಳು ಜನರೂ ಒತ್ತದೆ ಉಳಿದದ್ದು ಬಹುಶಃ ಹೀಗೆ ಕೇಳಿದ್ದರಿಂದಲೇ.