ಕೆಲಸ ಬದಲಿಸಿದರೆ ತಾಳ್ಮೆ ಇಲ್ಲ ಅಂತಲೇ?

‘ಈಗಿನವರಿಗೆ ತಾಳ್ಮೆ ಇಲ್ಲ, ಹಿಂದಿನವರು ಒಂದೇ ಕೆಲಸದಲ್ಲಿ ನಿವೃತ್ತರಾದರು’ ಎಂಬರ್ಥದ ಸಂದೇಶ ಬಾಗಲಕೋಟೆಯ ವಾಟ್ಸಾಪ್ ಗುಂಪುಗಳಿಗೂ ಆಗಾಗ ಬರುತ್ತದೆ. 1981ರಿಂದ 1996ರೊಳಗೆ ಹುಟ್ಟಿದ ಮಿಲೆನಿಯಲ್‌ಗಳ ಮೇಲೆ ಈ ದೂರು. ಕಳಿಸುವವರಿಗೆ ಮಕ್ಕಳ ಬಗ್ಗೆ ಕಾಳಜಿ ಇರುತ್ತದೆ, ಅದು ನಿಜ. ಆದರೆ ಈ ಮಾತು ಸರಿಯಲ್ಲ.

ಅಮೆರಿಕದ ಸರ್ಕಾರಿ ಸಮೀಕ್ಷೆಯೊಂದು 1957–64ರಲ್ಲಿ ಹುಟ್ಟಿದವರ ದುಡಿಮೆಯನ್ನು ದಶಕಗಳಿಂದ ದಾಖಲಿಸುತ್ತಿದೆ. 18ರಿಂದ 50 ದಾಟುವಷ್ಟರಲ್ಲಿ ಅವರೂ ಸರಾಸರಿ 12 ಕೆಲಸ ಮಾಡಿದ್ದರು. ಸುಮಾರು ಅರ್ಧದಷ್ಟು 25 ತುಂಬುವ ಮೊದಲೇ! ಎಳೆ ವಯಸ್ಸಿನಲ್ಲಿ ಕೆಲಸ ಬದಲಿಸುವುದು ಆಗಲೂ ಜಾಸ್ತಿಯೇ ಇತ್ತು.

ನಮ್ಮಲ್ಲೇ ನೋಡಿ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಭಾಗ ಮುಳುಗಿದಾಗ ಹೊಲ, ಅಂಗಡಿ ಬಿಟ್ಟು ಹೊಸ ದಾರಿ ಹಿಡಿದವರು ಹಿರಿಯರೇ ಅಲ್ವಾ? ಇಳಕಲ್‌ನಲ್ಲಿ ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅಂಥ ಕಸುಬು ಬಲ್ಲವರೂ ಕೂಲಿ ಸಾಲದೆ ಮಗ್ಗ ಬಿಟ್ಟಿದ್ದಾರೆ. ಅವರಿಗೆ ತಾಳ್ಮೆ ಇಲ್ಲ ಎನ್ನಲಾದೀತೇ?

ಮನಸ್ಸಿಗೆ ಒಪ್ಪುವ ಕೆಲಸ ಬೇಕೆಂದು ಬದಲಿಸುವವರು ಇದ್ದಾರೆ. ಅದು ತಪ್ಪೂ ಅಲ್ಲ. ಸಂಬಳ, ರಾತ್ರಿ ಪಾಳಿ, ಮನೆಯಲ್ಲಿ ವಯಸ್ಸಾದವರ ಆರೈಕೆ ಇವೂ ಕಾರಣಗಳೇ.

ಇಂಥ ಸಂದೇಶ ಬಂದರೆ ಸುಮ್ನೆ ಮುಂದೆ ಕಳಿಸುವ ಮೊದಲು ಕೇಳಿ: ಯಾವ ದೇಶದ, ಯಾವ ವರ್ಷದ ಅಂಕಿ? 30ರವರನ್ನು ಈಗಿನ 60ರವರ ಜೊತೆ ಹೋಲಿಸಿದ್ದಾರೋ, 30ರಲ್ಲಿದ್ದ ಅಂದಿನವರ ಜೊತೆಗೋ? ಕಂಪನಿ ಬದಲಿಸಿದ್ದನ್ನೇ ವೃತ್ತಿ ಬದಲಾವಣೆ ಎಂದಿದ್ದಾರಾ? ಭಾರತದ ದುಡಿಮೆಯ ಲೆಕ್ಕ ಬೇಕಿದ್ದರೆ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ವರದಿಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.