ಹೆವಿ ಲೈಸೆನ್ಸ್ ನವೀಕರಣಕ್ಕೆ ಕಣ್ಣು ನೋಡ್ತೀರಿ, ಬ್ರೇಕ್ ಹಿಡಿಯೋದನ್ನ ಯಾರು ನೋಡ್ತಾರೆ?

ಈ ವಾರ ಮಂಡ್ಯದಲ್ಲಿ ಲಾರಿ-ಬಸ್ ಚಾಲಕರ "ಪುನಶ್ಚೇತನ ತರಬೇತಿ" ಅನ್ನೋ ಕಾರ್ಯಕ್ರಮ ನೋಡಿದೆ. ದೀಪ ಬೆಳಗಿದರು, ಹಾರ ಹಾಕಿದರು, ಭಾಷಣ ಮಾಡಿದರು, ಪ್ರೊಜೆಕ್ಟರ್‌ನಲ್ಲಿ ಅಪಘಾತದ ಫೋಟೋ ತೋರಿಸಿದರು, ಕಣ್ಣು ತಪಾಸಣೆ ಮಾಡಿ ಗ್ರೂಪ್ ಫೋಟೋ ತೆಗೆದರು. ಅಷ್ಟೇ. ಹೊರಗೆ ಅಂಗಳದಲ್ಲಿ ಅದೇ ಚಾಲಕರ ಗಾಡಿಗಳು ಸಾಲಾಗಿ ನಿಂತಿದ್ದವು. ಒಬ್ಬ ಚಾಲಕನನ್ನೂ ಗಾಡಿ ಹತ್ತಿಸಲಿಲ್ಲ. ಬ್ರೇಕಿನ ಗಾಳಿ ತುಂಬಿರೋ ಒಂದು ಏರ್ ಟ್ಯಾಂಕಿನ ವಾಲ್ವ್ ಎಳೆದು ನೀರು ಬರುತ್ತಾ ಅಂತ ತೋರಿಸಲಿಲ್ಲ. ಈ ವಿಷಯದಲ್ಲಿ ನಾನು ಸುಮ್ಮನಿರೋನಲ್ಲ ಅಂತ ನಿಮಗೆಲ್ಲ ಗೊತ್ತು. ಉದ್ದ ಆಗುತ್ತೆ, ದಯವಿಟ್ಟು ಓದಿ.

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್, ಅಂದರೆ ಲಾರಿ-ಬಸ್ಸಿನಂಥ ಗಾಡಿ ಓಡಿಸೋ ಲೈಸೆನ್ಸ್, ಮೂರು ವರ್ಷದ ಬದಲು ಐದು ವರ್ಷ ನಡೆಯುತ್ತೆ. ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕು, ಶುಲ್ಕ ಕಟ್ಟಬೇಕು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮಾತ್ರ ಮತ್ತೆ ಓಡಿಸಿ ತೋರಿಸಬೇಕು. ಅಂದರೆ ಇಪ್ಪತ್ತೈದನೇ ವಯಸ್ಸಿಗೆ ಪಾಸಾದವನು ಹೊತ್ತಿಗೆ ಸರಿಯಾಗಿ ಅರ್ಜಿ ಹಾಕ್ತಾ ಹೋದರೆ, ಐವತ್ತೈದರ ತನಕ ಅವನು ಬ್ರೇಕ್ ಹೇಗೆ ಹಿಡೀತಾನೆ ಅಂತ ಯಾವ ಬ್ರೇಕ್ ಇನ್ಸ್‌ಪೆಕ್ಟರೂ ನೋಡಬೇಕಾಗಿಲ್ಲ. ಪೆಟ್ರೋಲ್, ಗ್ಯಾಸ್ ಟ್ಯಾಂಕರಿನಂಥ ಅಪಾಯಕಾರಿ ಸರಕಿನವರಿಗೆ ಮಾತ್ರ ಮೂರು ದಿನದ ಕೋರ್ಸು, ನವೀಕರಣಕ್ಕೆ ಒಂದು ದಿನದ ಮರುತರಬೇತಿ ಇದೆ. ಅದು ಬಿಟ್ಟರೆ ಮರುತರಬೇತಿ ಮಾತು ಕಾನೂನಿನಲ್ಲಿ ಬರೋದು ಲೈಸೆನ್ಸ್ ಅಮಾನತಾದವರ ವಿಷಯದಲ್ಲಿ. ಕಲಿಕೆಯನ್ನ ದಂಡದ ಜೊತೆ ಕಟ್ಟಿಹಾಕಿದರೆ ಯಾವ ಚಾಲಕ ತಾನಾಗಿ ಬಂದು ಕಲೀತಾನೆ?

ಈಗ ಏನು ಕಲಿಸಬೇಕಿತ್ತು ಅನ್ನೋದಕ್ಕೆ ಬರ್ತೀನಿ, ನನಗೆ ಸಿಟ್ಟು ಬಂದಿದ್ದು ಅಲ್ಲೇ.

ಲಾರಿ, ಬಸ್ಸಿನ ಏರ್ ಬ್ರೇಕ್ ಕೆಲಸ ಮಾಡೋದು ಟ್ಯಾಂಕಿನಲ್ಲಿ ತುಂಬಿದ ಗಾಳಿಯ ಒತ್ತಡದಿಂದ. ಅದರ ಪರೀಕ್ಷೆಗೆ ಬೇಕಾಗೋದು ಹತ್ತು ನಿಮಿಷ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕೊಡಬೇಕು. ಎಂಜಿನ್ ಓಡಿಸಿ ಗೇಜಿನ ಎರಡೂ ಮುಳ್ಳು ಪೂರ್ತಿ ಏರೋ ತನಕ ಕಾಯಬೇಕು. ಎರಡು ಮುಳ್ಳು ಯಾಕೆ ಅಂದರೆ, ಒಂದು ಸರ್ಕಿಟ್‌ನಲ್ಲಿ ಗಾಳಿ ಹೋದರೂ ಇನ್ನೊಂದು ಗಾಡಿ ನಿಲ್ಲಿಸಲಿ ಅಂತ. ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಪೆಡಲ್ ಪೂರ್ತಿ ಒತ್ತಿ ಒಂದು ನಿಮಿಷ ಹಿಡಿಯಬೇಕು. ಒತ್ತಿದ ಕ್ಷಣದಲ್ಲಿ ಮುಳ್ಳು ಸ್ವಲ್ಪ ಇಳಿಯೋದು ಸಹಜ. ಆಮೇಲೂ ಇಳೀತಾನೇ ಇದ್ದರೆ ಎಲ್ಲೋ ಸೋರ್ತಿದೆ. ಕ್ಲೀನರ್ ಕೆಳಗೆ ಬಗ್ಗಿ ಪ್ರತಿ ಚಕ್ರದ ಹತ್ತಿರ ಬುಸ್ ಅನ್ನೋ ಸದ್ದು ಕೇಳಬೇಕು. ಅದಾದ ಮೇಲೆ ಪೆಡಲನ್ನ ಮತ್ತೆ ಮತ್ತೆ ಒತ್ತಿ ಗಾಳಿ ಖಾಲಿ ಮಾಡ್ತಾ ಹೋಗಬೇಕು. ಗಾಳಿ ತೀರಾ ಇಳಿದರೆ ಒಳಗಿನ ಸ್ಪ್ರಿಂಗ್ ತಾನೇ ಹಿಂದಿನ ಚಕ್ರ ಹಿಡಿದು ಲಾಕ್ ಮಾಡುತ್ತೆ, ಅದಕ್ಕಿಂತ ಮುಂಚೆ ಬಜರ್ ಕೂಗಲೇಬೇಕು. ಬಜರ್ ಕಿರಿಕಿರಿ ಅಂತ ಅದರ ವೈರ್ ಕಿತ್ತಿರೋ ಗಾಡಿಗಳಿವೆ. ಅಂಥ ಗಾಡಿಯಲ್ಲಿ ಗಾಳಿ ಇಳಿದಿದ್ದು ಗೊತ್ತಾಗೋದು ಚಕ್ರ ಲಾಕ್ ಆದಾಗಲೇ. ಕೊನೆಗೆ ಟ್ಯಾಂಕಿನ ನೀರು ಬಿಡಬೇಕು. ಗಾಳಿಯ ತೇವ ತೆಗೆಯೋ ಏರ್ ಡ್ರೈಯರ್ ಇರೋ ಗಾಡಿಯಲ್ಲೂ ನೀರು, ಎಣ್ಣೆ ಬಂತು ಅಂದರೆ ಡ್ರೈಯರ್ ಕೆಲಸ ಮುಗಿದಿದೆ ಅಂತ ಅರ್ಥ. ಆ ನೀರು ವಾಲ್ವ್ ಒಳಗೆ ಹೋಗಿ ತುಕ್ಕು ಹಿಡಿಸುತ್ತೆ.

ಹಿಂದಿನ ಚಕ್ರ ಲಾಕ್ ಆದರೆ ನಮ್ಮ ಕಡೆ ಮಾಡೋದೇನು? ಚಕ್ರದ ಹತ್ತಿರ ಬ್ರೇಕ್ ಒತ್ತೋ ಡಬ್ಬಿ, ಅಂದರೆ ಬ್ರೇಕ್ ಚೇಂಬರ್, ಅದರ ಹಿಂದಿರೋ ಬೋಲ್ಟ್ ತಿರುಗಿಸಿ, ಸ್ಪ್ರಿಂಗ್ ಹಿಂದಕ್ಕೆಳೆದು, ಗಾಡಿ ಮತ್ತೆ ಓಡಿಸೋದು. ಆ ಬೋಲ್ಟ್ ಇರೋದು ಟೋ ಮಾಡೋಕೆ, ಅದೂ ಚಕ್ರಕ್ಕೆ ಅಡ್ಡ ಕೊಟ್ಟ ಮೇಲೆ. ಅದನ್ನ ತಿರುಗಿಸಿದ ಗಾಡಿಗೆ ಪಾರ್ಕಿಂಗ್ ಬ್ರೇಕೂ ಇಲ್ಲ, ಗಾಳಿ ಹೋದಾಗ ತಾನೇ ಹಿಡಿಯೋ ಬ್ರೇಕೂ ಇಲ್ಲ. ಇದನ್ನ ಚಾಲಕನಿಗೆ ಯಾರು ಹೇಳಿಕೊಟ್ಟಿದ್ದಾರೆ? ಗ್ಯಾರೇಜಿನಲ್ಲಿ ಬೋಲ್ಟ್ ತಿರುಗಿಸೋದು ತೋರಿಸಿದ್ದಾರೆ, ಆಮೇಲಿನದ್ದು ಹೇಳಿಲ್ಲ.

ಘಾಟಿ ವಿಷಯ. ಮೈಸೂರಿನಿಂದ ಹೊರಡೋ ಗಾಡಿಗೆ ಘಾಟಿ ತಪ್ಪಿದ್ದಲ್ಲ. ಚಾಮರಾಜನಗರದ ಆಚೆ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು, ವಯನಾಡಿನ ಆಚೆ ತಾಮರಶ್ಶೇರಿಯಲ್ಲಿ 9, ಮಡಿಕೇರಿ ಆಚೆ ಸಂಪಾಜೆ. ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಹಾಕೋದು ಈಗಲೂ ನಿಂತಿಲ್ಲ, ಹಳಬರು ಹೊಸಬರಿಗೆ ಅದನ್ನೇ ಕಲಿಸ್ತಾರೆ. ಡೀಸೆಲ್ ಉಳಿಯೋದೇ ಇಲ್ಲ. ಈಗಿನ ಕಾಮನ್ ರೈಲ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಟರಿಗೆ ಡೀಸೆಲ್ ಕೊಡೋದನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಬೇಕಲ್ಲ, ಅದಕ್ಕೆ ಡೀಸೆಲ್ ಬೇಕು. ಉಳಿಸೋಕೆ ಹೋಗಿ ಸುಡ್ತಿದ್ದಾರೆ. ಜೊತೆಗೆ ಎಂಜಿನ್ ಹಿಡಿತ ಹೋಯ್ತು, ಹೊಗೆ ತಡೆದು ಎಂಜಿನ್ ಹಿಡಿಯೋ ಎಕ್ಸಾಸ್ಟ್ ಬ್ರೇಕ್ ಕೆಲಸಕ್ಕೆ ಬರಲ್ಲ, ಕಂಪ್ರೆಸರ್ ಐಡಲ್‌ನಲ್ಲಿ ನಿಧಾನಕ್ಕೆ ಗಾಳಿ ತುಂಬುತ್ತೆ. ಅದೇ ಹೊತ್ತಿಗೆ ಚಾಲಕ ಪೆಡಲ್ ಒತ್ತಿ ಒತ್ತಿ ಗಾಳಿ ಖಾಲಿ ಮಾಡ್ತಿರ್ತಾನೆ. ಚಕ್ರದ ಜೊತೆ ತಿರುಗೋ ಬ್ರೇಕ್ ಡ್ರಮ್ ಕಾದು ಹಿಗ್ಗುತ್ತೆ, ಒಳಗಿಂದ ಉಜ್ಜಿ ಹಿಡಿಯೋ ಲೈನರ್ ಅದನ್ನ ಮುಟ್ಟೋಕೆ ಇನ್ನೂ ದೂರ ಹೋಗಬೇಕಾಗುತ್ತೆ, ಚೇಂಬರಿನ ರಾಡ್ ತನ್ನ ಅಳತೆ ಮುಗಿಸಿ ನಿಂತುಬಿಡುತ್ತೆ. ಕಾದ ಲೈನರಿಗೆ ಹಿಡಿತವೂ ಕಮ್ಮಿ. ಆಗ ಗೇರ್ ಹಾಕೋಣ ಅಂದರೆ ಆ ವೇಗದಲ್ಲಿ ಕೆಳಗಿನ ಗೇರ್ ಬೀಳಲ್ಲ. ಮಾರನೇ ದಿನದ ಪತ್ರಿಕೆಯಲ್ಲಿ "ಬ್ರೇಕ್ ಫೇಲ್" ಅಂತ ಬರುತ್ತೆ. ಎಷ್ಟೋ ಸಲ ಯಾವ ಪಾರ್ಟೂ ಮುರಿದಿರೋದಿಲ್ಲ.

ಸರಿಯಾದ ಕ್ರಮ ಕಷ್ಟದ್ದಲ್ಲ. ಇಳಿಜಾರು ಶುರುವಾಗೋ ಮುಂಚೆಯೇ ಗೇರ್ ಇಳಿಸಿಕೊಳ್ಳಬೇಕು: ಅದೇ ಘಾಟಿ ಹತ್ತೋಕೆ ಯಾವ ಗೇರ್ ಬೇಕೋ ಅದು, ಇಲ್ಲ ಅದಕ್ಕಿಂತ ಒಂದು ಕೆಳಗಿನದು. ಎಕ್ಸಾಸ್ಟ್ ಬ್ರೇಕ್ ಹಾಕಬೇಕು. ಗಂಟೆಗೆ 30 ಕಿ.ಮೀ. ಮೇಲೆ ಹೋಗಬಾರದು ಅಂತಿದ್ದರೆ, 30 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 22ಕ್ಕೆ ಇಳಿಸಿ ಕಾಲು ಪೂರ್ತಿ ತೆಗೀಬೇಕು. ಮತ್ತೆ 30 ಆದಾಗ ಮತ್ತೆ ಒತ್ತೋದು. ಮೆತ್ತಗೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮಿಗೆ ಆರೋ ಹೊತ್ತೇ ಸಿಗಲ್ಲ. ಇದನ್ನ ಸ್ಲೈಡಿನಲ್ಲಿ ಬರೆದು ತೋರಿಸಿದರೆ ತಲೆಗೆ ಹೋಗಬಹುದು, ಕಾಲಿಗೆ ಹೋಗಲ್ಲ. ಪಕ್ಕದಲ್ಲಿ ಒಬ್ಬರು ಕೂತು, ಲೋಡ್ ಗಾಡಿಯಲ್ಲಿ, ನಿಜವಾದ ಇಳಿಜಾರಿನಲ್ಲೇ ಅಭ್ಯಾಸ ಮಾಡಿಸಬೇಕು.

2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನೋ ಹೊಗೆ ಮಾಲಿನ್ಯದ ನಿಯಮ ಬಂತು. ಗಾಡಿಯೇ ಬದಲಾಯಿತು, ಓಡಿಸೋರಿಗೆ ಒಂದು ದಿನದ ಪಾಠ ಆಗಲಿಲ್ಲ. ಹೊಗೆ ಶುದ್ಧ ಮಾಡೋಕೆ ಶೇಕಡಾ 32.5 ಯೂರಿಯಾ ಇರೋ ಶುದ್ಧ ದ್ರಾವಣ ಬೇಕಾದ ಟ್ಯಾಂಕಿಗೆ ಗದ್ದೆಗೆ ಎರಚೋ ಯೂರಿಯಾವನ್ನ ನೀರಲ್ಲಿ ಕರಗಿಸಿ ಹಾಕೋದು, ಅದು ಹರಳುಗಟ್ಟಿ ಆ ದ್ರಾವಣ ಚಿಮ್ಮಿಸೋ ಇಂಜೆಕ್ಟರ್ ಕಟ್ಟಿಕೊಂಡು, ಎಂಜಿನ್ ಶಕ್ತಿ ಇಳಿದು ಗಾಡಿ ಏರಿನಲ್ಲಿ ತೆವಳೋದು. ಇದಕ್ಕೆ ಚಾಲಕನನ್ನ ಬೈದು ಫಲವಿಲ್ಲ. ಇನ್ನೊಂದು, ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಅಂದರೆ ಡಿಪಿಎಫ್, ಆ ಮಸಿ ಸುಡೋ ಹೊತ್ತಿನಲ್ಲಿ ಅದರೊಳಗಿನ ಬಿಸಿ 550-600 ಡಿಗ್ರಿ ಮುಟ್ಟುತ್ತೆ. ಆ ಹೊತ್ತಲ್ಲಿ ಗಾಡಿಯನ್ನ ಕಬ್ಬಿನ ಸೋಗೆ ಹರಡಿರೋ ಜಾಗದಲ್ಲೋ ಹುಲ್ಲಿನ ಮೇಲೋ ನಿಲ್ಲಿಸಬಾರದು. ನಮ್ಮ ಜಿಲ್ಲೆಗಳಲ್ಲಿ ಇದು ದಿನಾ ಬರೋ ಪ್ರಶ್ನೆ. ಹುರುಳಿ ಒಕ್ಕಣೆ ಕಾಲದಲ್ಲಿ ರಸ್ತೆ ತುಂಬಾ ಸೆತ್ತೆ. ಅದು ಗಾಡಿ ಕೆಳಗೆ ತಿರುಗೋ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಉಜ್ಜಿ ಬೆಂಕಿ ಹತ್ತುತ್ತೆ. ಅದರ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತೆ. ದಾಟಿದ ಮೇಲೆ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ, ಕತ್ತರಿಸಿ ತೆಗೀಬೇಕು. ಬೆಂಗಳೂರಲ್ಲಿ ಕೂತು ಬರೆದ ಯಾವ ಸ್ಲೈಡಿನಲ್ಲಿ ಇದು ಇರುತ್ತೆ ಹೇಳಿ?

"ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದಿದ್ದೀನಿ ಸಾರ್, ನನಗೇನ್ ಕಲಿಸ್ತೀರಾ" ಅಂತ ಕೇಳೋರಿದ್ದಾರೆ. ಅವರ ಕೈಗೆ ನಾನು ನಮಸ್ಕಾರ ಮಾಡ್ತೀನಿ. ತುಂಬಿದ ಕಬ್ಬಿನ ಲಾರಿಯನ್ನ ನಾಲೆ ಏರಿ ಮೇಲೆ ಹಿಮ್ಮುಖವಾಗಿ ತರೋ ನಾಜೂಕು ಯಾವ ಶಾಲೆಯೂ ಕೊಡಲ್ಲ. ಆದರೆ ಇಪ್ಪತ್ತು ವರ್ಷ ನ್ಯೂಟ್ರಲ್‌ನಲ್ಲಿ ಇಳಿದವರದ್ದೂ ಅನುಭವವೇ. ಓದು ಬರದವರು ಏನು ಕಲೀತಾರೆ ಅನ್ನೋ ಮಾತಂತೂ ಒಪ್ಪಲ್ಲ. 2019ರಲ್ಲಿ ಎಂಟನೇ ತರಗತಿ ಪಾಸಾಗಿರಬೇಕು ಅನ್ನೋ ಷರತ್ತು ತೆಗೆದಿದ್ದು ಸರಿಯೇ. ಗೇಜಿನ ಮುಳ್ಳು ನೋಡೋಕೆ ಅಕ್ಷರ ಬೇಡ.

ಯೂರೋಪಿಯನ್ ಒಕ್ಕೂಟದಲ್ಲಿ 2003ರ ನಿರ್ದೇಶನದಿಂದ ಬಂದ ನಿಯಮದ ಪ್ರಕಾರ ಲಾರಿ, ಬಸ್ ಚಾಲಕರು ಐದು ವರ್ಷಕ್ಕೆ 35 ಗಂಟೆ ತರಬೇತಿ ಮುಗಿಸಬೇಕು. ಬ್ರಿಟನ್ನಿನಲ್ಲಿ 2008ರ ಸೆಪ್ಟೆಂಬರ್‌ನಲ್ಲಿ ಬಸ್ಸಿನವರಿಗೆ, ಮಾರನೇ ವರ್ಷ ಲಾರಿಯವರಿಗೆ ಅದು ಜಾರಿಗೆ ಬಂತು. ಅದನ್ನ ಹಾಗೇ ಎತ್ತಿಕೊಂಡು ಬನ್ನಿ ಅಂತ ಹೇಳ್ತಿಲ್ಲ. ಬ್ರಿಟನ್ನಿನಲ್ಲಿ ಕೊನೆಗೆ ಪರೀಕ್ಷೆ ಇಲ್ಲ, ಹಾಜರಾತಿ ಸಾಕು. ಗಂಟೆ ಎಣಿಸೋಕೆ ಕೂತವರೇ ಹೆಚ್ಚು ಅನ್ನೋ ದೂರು ಅಲ್ಲೂ ಇದೆ. ನಾವು ಅದನ್ನ ತಂದರೆ 35 ಗಂಟೆ ಪ್ರೊಜೆಕ್ಟರ್ ಓಡಿಸ್ತೀವಿ, ಈ ವಾರ ನೋಡಿದ್ದೇ ಸಾಕ್ಷಿ. ಗಂಟೆ ಕಮ್ಮಿ ಆಗಲಿ, ಅರ್ಧದಷ್ಟಾದರೂ ಗಾಡಿಯೊಳಗೆ ಆಗಲಿ.

2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು, ಅದರಲ್ಲಿ ಶಾಲೆ ಮಕ್ಕಳಿದ್ದರು. ನಾಲೆಗೆ ತಡೆಗೋಡೆ ಬೇಕು ಅಂತ ಎಲ್ಲರೂ ಹೇಳಿದರು, ಬೇಕೇ ಬೇಕು. ಆ ನಾಲೆ ಏರಿಗಳ ಮೇಲೆ ದಿನಾ ಬಸ್ಸು, ಕಬ್ಬಿನ ಗಾಡಿ ಓಡಿಸೋರಿಗೆ ಐದು ವರ್ಷಕ್ಕೊಮ್ಮೆ ಕೂತು ಕಲಿಸೋದೂ ಅಷ್ಟೇ ಬೇಕು.

ಕಾರ್ಖಾನೆಗಳು ಕಬ್ಬು ಅರೆಯೋಕೆ ಶುರು ಮಾಡೋ ಮುಂಚೆ ಲಾರಿಗಳೆಲ್ಲ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ರಿಪೇರಿ ಅಂತ ನಿಂತಿರ್ತವೆ. ಅದೇ ಸಮಯ. ಎಂಟೆಂಟು ಚಾಲಕರ ಗುಂಪು, ಒಬ್ಬ ಅನುಭವಿ ಬೋಧಕ, ಒಬ್ಬ ಏರ್ ಬ್ರೇಕ್ ಮೆಕ್ಯಾನಿಕ್, ಅವರವರದ್ದೇ ಗಾಡಿ. ಬೆಳಗ್ಗೆ ಬ್ರೇಕ್ ಪರೀಕ್ಷೆ ಮತ್ತು ಹಿಂದಿನ ಲೈಟು, ರಿಫ್ಲೆಕ್ಟರ್ ಸೋಗೆಯಲ್ಲಿ ಮುಚ್ಚಿಹೋಗದ ಹಾಗೆ ಲೋಡ್ ಕಟ್ಟೋದು. ಮಧ್ಯಾಹ್ನ ಒಬ್ಬೊಬ್ಬರನ್ನಾಗಿ ಇಳಿಜಾರಿನಲ್ಲಿ ಓಡಿಸಿ ನೋಡೋದು. ನವೀಕರಣದ ಅರ್ಜಿಗೆ ಆ ಬೋಧಕರ ಸಹಿ ಕಡ್ಡಾಯ ಮಾಡಿ. ಆ ದಿನದ ಸಂಬಳ, ಬಾಟಾ (ದಿನದ ಭತ್ಯೆ) ಎರಡನ್ನೂ ಮಾಲೀಕರು ಕೊಡಬೇಕು ಅಂತ ಆದೇಶದಲ್ಲೇ ಬರೀಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ಓಡಿಸಿ ಬೆಳಗ್ಗೆ ನಿದ್ದೆಗಣ್ಣಲ್ಲಿ ಬಂದು ಸಹಿ ಹಾಕಿಸಿಕೊಂಡು ಹೋಗ್ತಾರೆ, ಆ ನಿದ್ದೆಯಲ್ಲೇ ಸಂಜೆ ಮತ್ತೆ ಗಾಡಿ ಹತ್ತುತಾರೆ.