ಎಂದರೆ ಸರಿಯಲ್ಲ

ನಮ್ಮ ಕೋರ್ಟುಗಳು ಕನ್ನಡ ಗದ್ಯಕ್ಕೆ ಕೊಟ್ಟ ಅಮರ ಕಾಣಿಕೆ ಎರಡೇ ಪದ: ‘ಎಂದರೆ ಸರಿಯಲ್ಲ’. ಪಾಟೀ ಸವಾಲಿನ, ಅಂದರೆ ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸಿದ್ದರ, ಯಾವ ಹಾಳೆ ತಿರುವಿದರೂ ಕಣ್ಣಿಗೆ ಬೀಳುತ್ತದೆ. ‘ನಾನು ಸ್ಥಳದಲ್ಲಿ ಇರಲೇ ಇಲ್ಲ ಎಂದರೆ ಸರಿಯಲ್ಲ. ಪೊಲೀಸರು ಹೇಳಿಕೊಟ್ಟಂತೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಇಷ್ಟೂ ನುಡಿದವನು ಸಾಕ್ಷಿಯಂತೆ. ಪಾಪ, ಅವನ ಬಾಯಿಂದ ಬಂದದ್ದು ‘ಇಲ್ಲ ಸ್ವಾಮಿ’, ಎರಡು ಸಲ. ಮಿಕ್ಕಿದ್ದೆಲ್ಲ ಎದುರು ವಕೀಲರು ಪ್ರಶ್ನೆಯಲ್ಲೇ ಇಟ್ಟ ರಚನೆ. ಸಹಿ ಮಾತ್ರ ಸಾಕ್ಷಿಯದು.

ಕಳ್ಳತನ ಅನ್ನಬೇಡಿ. ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಅಲ್ಲದೆ ನಿರೂಪಣೆಯ ರೂಪದಲ್ಲೇ ಬರೆದುಕೊಳ್ಳಿ ಎಂದದ್ದು 2024ರವರೆಗೆ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆ. ಪಾಟೀ ಸವಾಲಿನಲ್ಲಿ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬಹುದೆಂದದ್ದು ಅಲ್ಲಿಯವರೆಗೇ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆ. ಎರಡನ್ನೂ ಬೆರೆಸಿದರೆ ಕಥೆ ತಾನೇ ಬರೆದುಕೊಳ್ಳುತ್ತದೆ.

ಪ್ರಶ್ನೆಯ ಒಂದು ಪದ ಏನು ಮಾಡೀತು ಅನ್ನುವವರಿಗೆ: 1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕೊಂದನ್ನು ತೋರಿಸಿದರು. ಐವತ್ತು ಜನಕ್ಕೆ ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು ಕೇಳಿದರು, ಇನ್ನೈವತ್ತು ಜನಕ್ಕೆ ‘ಗುದ್ದಿದಾಗ’ ಎಂದು. ವಾರ ಬಿಟ್ಟು ಒಡೆದ ಗಾಜು ನೋಡಿದಿರಾ ಅಂದರೆ, ಅಪ್ಪಳಿಸಿದವರ ಪೈಕಿ 16 ಮಂದಿ ಹೌದೆಂದರು, ಗುದ್ದಿದವರ ಪೈಕಿ 7 ಮಂದಿ. ಗಾಜು ಒಡೆದೇ ಇರಲಿಲ್ಲ! ನಮ್ಮಲ್ಲಿ ವಾರವಲ್ಲ, ವರ್ಷಗಳೇ ಬಿಟ್ಟು ಕರೆಸುತ್ತಾರೆ.

ಒಮ್ಮೆ ಕೋರ್ಟಿನ ಹಿಂದಿನ ಬೆಂಚಲ್ಲಿ ಕೂತು ನೋಡಿದ್ದು. ಕಟಕಟೆಯಲ್ಲಿ ಒಬ್ಬ ಅಜ್ಜಿ. ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿ, ಸೆರಗು ಸರಿಮಾಡಿಕೊಂಡು ಶುರು ಮಾಡಿದಳು: ‘ಅವತ್ತು ಮೋಡ ಕವ್ಚಿತ್ತು ಸ್ವಾಮಿ, ದನ ಒಳಕ್ಕೆ ಕಟ್ತಾ ಇದ್ದೆ...’

‘ದನದ ವಿಷಯ ಬೇಡಮ್ಮ. ಕೇಳಿದ್ದಕ್ಕಷ್ಟೇ ಹೇಳಿ. ಗಂಟೆ ಎಷ್ಟಾಗಿತ್ತು?’

‘ಗಂಟೆ ಗೊತ್ತಿಲ್ಲ ಸ್ವಾಮಿ.’

ಟಕಟಕ ಟೈಪಾಯಿತು: ‘ಘಟನೆ ನಡೆದ ಸಮಯ ನನಗೆ ಗೊತ್ತಿರುವುದಿಲ್ಲ.’

ಗೊತ್ತಿತ್ತು ಕಣ್ರೀ! ದನ ಕಟ್ಟೋ ಹೊತ್ತು ಅಂತ ಬಾಯಿಬಿಟ್ಟು ಹೇಳಿದಳಲ್ಲ. ಅವಳ ಗಡಿಯಾರವನ್ನೇ ಕಿತ್ತುಕೊಂಡು ಆಮೇಲೆ ಟೈಮ್ ಕೇಳಿದರು. ನಾಳೆ ಮೇಲ್ಮನವಿಯಲ್ಲಿ ಇದೇ ಸಾಲು ಇಂಗ್ಲಿಷಿಗೆ ಇಳಿಯುತ್ತದೆ, ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ಎನ್ನುವ ಸಂವಿಧಾನದ 348ನೇ ವಿಧಿಯ ಕೃಪೆ. ಅಲ್ಲಿ ಅವಳ ಮುಖವೂ ಇರುವುದಿಲ್ಲ, ಮೋಡವೂ ಇರುವುದಿಲ್ಲ.

ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಅಜ್ಜಿ ಇಳಿದಳು. ಹಾಳೆಯ ಕೊನೆಗೆ ಎಂದಿನ ಸಾಲು: ‘ಓದಿ ಹೇಳಿ ಕೇಳಲಾಗಿ ಸರಿ ಇದೆ.’